ಮೀಸಲು ದನಿ

ಮಾಸ್ತಪ್ಪನ ಗಂಟಲು ಊರಿಗೇ ಗೊತ್ತಿತ್ತು. ಭೂಮಿ ಹುಣ್ಣಿಮೆಯ ಬೆಳಗಿನ ಜಾವ, ಬಸುರಿ ಭೂಮಿಗೆ ಬಡಿಸಲು ಸೊಪ್ಪು ತರಕಾರಿ ಬೇಯಿಸಿದ ಹಚ್ಚಂಬಲಿಯನ್ನು ಗದ್ದೆಗೆ ಬೀರುತ್ತ ಅವನು ಕೂಗಿದರೆ, ಕೆಳದಿಯ ಪಕ್ಕದ ಆ ಊರಿನಲ್ಲಿ ಆಚೆ ದಿಬ್ಬದವರೂ ಬುಟ್ಟಿ ಹೊತ್ತು ಹೊರಡುತ್ತಿದ್ದರು. ಹೊಸನಗರದ ಕಡೆಯಿಂದ ಮದುವೆಯಾಗಿ ಬಂದ ದುಗ್ಗಮ್ಮನಿಗೆ, ಈ ಗಂಡಸು ಜಗಳವಾಡುತ್ತಿಲ್ಲ, ಮಾತಾಡುವುದೇ ಹೀಗೆ ಎಂದು ತಿಳಿಯಲು ಒಂದು ವರ್ಷ ಹಿಡಿಯಿತಂತೆ.

ಕಳೆದ ಬೇಸಿಗೆಯಲ್ಲಿ ಬೈಕಿಗೆ ಕಾಡುಹಂದಿ ಅಡ್ಡ ಬಂದು ಅವನ ತಲೆಗೆ ಪೆಟ್ಟಾಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಕುತ್ತಿಗೆಗೆ ತೂತು ಮಾಡಿ ಉಸಿರಿಗೊಂದು ನಳಿಗೆ ಇಟ್ಟರು. ಜೀವ ಉಳಿಯಿತು. ಉಸಿರು ನಳಿಗೆಯಲ್ಲೇ ಬಂದು ನಳಿಗೆಯಲ್ಲೇ ಹೋಗುತ್ತಿದ್ದುದರಿಂದ ದನಿ ಮಾತ್ರ ಇಲ್ಲ. ಅವನು ತುಟಿ ಆಡಿಸುತ್ತಿದ್ದ, ದುಗ್ಗಮ್ಮ ಅದನ್ನು ಓದಿ ಮಿಕ್ಕವರಿಗೆ ಹೇಳುತ್ತಿದ್ದಳು.

ಚೌತಿಯ ಹಿಂದಿನ ವಾರ, ಸಾಗರದಲ್ಲಿ ಮಾತಿನ ಚಿಕಿತ್ಸೆ ಕೊಡುವ ಮಂಜುಶ್ರೀ ಮೇಡಂ ನಳಿಗೆಯ ಬಾಯಿಗೆ ಪುಟ್ಟ ವಾಲ್ವ್ ಹಾಕಿ ತೋರಿಸಿದರು. ಇದಿದ್ದರೆ ಹೊರಹೋಗುವ ಉಸಿರು ಗಂಟಲಿನಿಂದಲೇ ಹೋಗಬೇಕು, ಆಗ ದನಿ ಬರುತ್ತದೆ. ಮೊದಲ ದಿನ ಬರೀ ಗಾಳಿಯ ಸದ್ದು ಬಂತು. ದಿನಕ್ಕೆರಡು ಹೊತ್ತು ಅಭ್ಯಾಸ ಮಾಡಿಸಿ, ವಾರ ವಾರ ಕರೆತನ್ನಿ, ಒಳಗೆ ಏನಾದರೂ ಅಡ್ಡ ಬೆಳೆದರೆ ಬೇಗ ಗೊತ್ತಾಗುತ್ತದೆ ಎಂದು ಒತ್ತಿ ಹೇಳಿದರು.

ದುಗ್ಗಮ್ಮ ದೇವರನ್ನೂ ಡಾಕ್ಟರನ್ನೂ ಒಂದೇ ಸಮ ನಂಬುವವಳು, ತಾಪತ್ರಯ ಅಲ್ಲೇ. ಆ ಮನೆಯಲ್ಲಿ ಹೊಸ ಭತ್ತದ ಮೊದಲ ಹಿಡಿ, ಕರು ಹಾಕಿದ ಹಸುವಿನ ಮೊದಲ ಹಾಲು ದೇವರಿಗೆ ಮೀಸಲು. ಅದಕ್ಕೆ ಮುಂಚೆ ಯಾರೂ ಮುಟ್ಟುವಂತಿಲ್ಲ. ಹಾಗಾದರೆ ಸತ್ತು ಬದುಕಿದ ಗಂಡನ ಮೊದಲ ದನಿ? ಬಸ್ಸಿನಲ್ಲೇ ಹರಕೆ ಹೊತ್ತುಬಿಟ್ಟಳು.

"ನಿಮ್ ಮೊದಲ್ನೇ ಕೂಗು ಭೂಮ್ತಾಯಿಗೇ. ಹುಣ್ಣಿಮೆವರ್ಗೂ ಇದ್ನ ಹಾಕೋದು ಬ್ಯಾಡ," ಎಂದು ವಾಲ್ವನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದಳು. ಮಾಸ್ತಪ್ಪ ಅವಳ ಮುಖ ನೋಡಿ ಆಗಲಿ ಎಂದು ತಲೆಯಾಡಿಸಿದ. ಮೇಡಂ ಫೋನು ಮಾಡಿದಾಗಲೆಲ್ಲ ಗದ್ದೆ ಕೆಲಸ, ಬಸ್ಸು ಸಿಗಲಿಲ್ಲ ಎಂದು ಅವಳು ಜಾರಿಕೊಂಡಳು.

ಹುಣ್ಣಿಮೆ ಬಂತು. ಮಗ ಗಣೇಶ ಬುಟ್ಟಿ ಹೊತ್ತು ಮುಂದೆ ನಡೆದ. ಗದ್ದೆಯ ಬದುವಿನಲ್ಲಿ ದುಗ್ಗಮ್ಮ ಕುಂಕುಮ ತೊಳೆದು ವಾಲ್ವ್ ಹಾಕಿದಳು. ಮಾಸ್ತಪ್ಪ ಹಚ್ಚಂಬಲಿ ಹಿಡಿದು ಬಾಯಿ ತೆರೆದ. ಒಳಗೆ ಹೋದ ಉಸಿರು ಹೊರಗೆ ಬರಲಿಲ್ಲ. ಮುಖ ಕಪ್ಪಿಟ್ಟಿತು, ಕೈಯಲ್ಲಿದ್ದದ್ದು ಉದುರಿತು. ಗಣೇಶ ಗಾಬರಿಯಾಗಿ ವಾಲ್ವ್ ಕಿತ್ತ. ಸುಧಾರಿಸಿಕೊಂಡು ಮತ್ತೆ ಹಾಕಿ ನೋಡಿದರು, ಅದೇ ಕತೆ. ಆಚೆ ದಿಬ್ಬದವರು ಕಾದು ಕಾದು ಕೊನೆಗೆ ತಾವೇ ಕೂಗಿಕೊಂಡರು. ದುಗ್ಗಮ್ಮ ಬದುವಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಶಿವಮೊಗ್ಗದಲ್ಲಿ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ನಳಿಗೆಯ ಮೇಲ್ಗಡೆ ಮಾಂಸ ಬೆಳೆದು, ಗಟ್ಟಿಯಾಗಿ, ದಾರಿ ಮುಚ್ಚಿತ್ತು. ಮೊದಲೇ ಬಂದಿದ್ದರೆ ಸುಲಭವಿತ್ತು, ಈಗ ಕತ್ತರಿಸಿದರೂ ಮತ್ತೆ ಮುಚ್ಚಿಕೊಳ್ಳುತ್ತದೆ, ದನಿಯ ಆಸೆ ಇಟ್ಟುಕೊಳ್ಳಬೇಡಿ ಎಂದರು.

ಸಾಗರದಲ್ಲಿ ಮಂಜುಶ್ರೀ ಶಿವಮೊಗ್ಗದವರು ಬರೆದುಕೊಟ್ಟ ಚೀಟಿ ಓದಿ, ಅಭ್ಯಾಸ ಯಾಕೆ ಬಿಟ್ಟಿರಿ ಎಂದು ಮಾಸ್ತಪ್ಪನನ್ನೇ ಕೇಳಿದರು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ತುಟಿ ಆಡಿಸಿದ.

"ಏನಂತಾರೆ?" ಎಂದು ಮಂಜುಶ್ರೀ ಅವಳ ಕಡೆ ತಿರುಗಿದರು.

ದುಗ್ಗಮ್ಮ ಬೇಡ ಎನ್ನುವಂತೆ ಗಂಡನನ್ನು ನೋಡಿದಳು. ಅವನು ಇನ್ನೊಮ್ಮೆ ಅದನ್ನೇ ಆಡಿದ. ಹರಕೆಯ ನಿಜ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ, ಅವನ ತುಟಿ ಆಡಿದ್ದನ್ನೇ ಹೇಳಿದಳು.

"ನಂಗೇ ಬ್ಯಾಸ್ರ ಬಂದು ಬಿಟ್ಟೆ, ಇವ್ಳು ಹಾಕ್ಕಳಿ ಅಂತ ಹೇಳ್ತಾನೇ ಇದ್ಲು ಅಂತಾರೆ, ಮೇಡಂ."