ಕಾರಿನ ಬಾಗಿಲು ಹೊತ್ತು ಶೆಟ್ಟಿಕೆರೆಗೆ

ಬೆಂಗಳೂರಿನಿಂದ ತಿಪಟೂರಿಗೆ ನನಗೊಂದು ಟಿಕೆಟ್, ನನ್ನ ರಟ್ಟಿನ ಬಾಗಿಲಿಗೆ ಅರ್ಧ: ಒಟ್ಟು ಇನ್ನೂರ ಎಪ್ಪತ್ತು ರೂಪಾಯಿ. ಕಂಡಕ್ಟರು ಅದಕ್ಕೂ ಪೂರ್ತಿ ಕೇಳಿದ್ದರು. ಮೂರು ಮಡಿಕೆ ಮಾಡಿ ತೋರಿಸಿ ಅರ್ಧಕ್ಕೆ ಇಳಿಸಿದೆ. ಖರ್ಚು ನನ್ನ ಜೇಬಿನದೇ. ಮಿಕ್ಸಿ, ಕುಕ್ಕರ್ ಹಿಡಿಗಳನ್ನು ವಿನ್ಯಾಸ ಮಾಡಿ ಬದುಕು ಕಟ್ಟಿಕೊಂಡ ನನಗೆ ಕಾರು ಕಂಪನಿಯೊಂದು ಹಳ್ಳಿಗಾಡಿಗೆಂದು ಮಾಡುತ್ತಿದ್ದ ಸಣ್ಣ ಕಾರಿನ ಹಿಂಬದಿಯ ಕೆಲಸ ಕೊಟ್ಟಿತ್ತು. ರಟ್ಟಿನದು ಆ ಕಾರಿನ ಹಿಂಬಾಗಿಲಿನ ಮಾದರಿ. ಮರುದಿನ ನಕ್ಷೆ ಅಂತಿಮವಾಗಬೇಕು. ಅಲ್ಲಿನ ಕಾರು ವಿನ್ಯಾಸಕರು ಐದು ತಿಂಗಳಲ್ಲಿ ಒಮ್ಮೆಯೂ ನನ್ನನ್ನು ಊಟಕ್ಕೆ ಕರೆದಿರಲಿಲ್ಲ. ಹಳ್ಳಿಯಲ್ಲಿ ಮೂಟೆ ಹೇರುವವರ ಗಾಡಿಗೆ ಹಿಡಿದು, ಬಾಗಿಲು ಕೆಲಸಕ್ಕೆ ಬರುತ್ತದೆಂದು ಕಣ್ಣಾರೆ ಕಂಡು, ಅವರೆದುರು ಗಟ್ಟಿಯಾಗಿ ನಿಲ್ಲಬೇಕಿತ್ತು.

ತಿಪಟೂರಿನಲ್ಲಿ ಇಳಿದಾಗ ಹತ್ತೂವರೆ, ಬಿಸಿಲು ಚುರುಗುಟ್ಟುತ್ತಿತ್ತು. ಹೋಟೆಲಿನಲ್ಲಿ ಬಾಗಿಲನ್ನು ಎದುರಿನ ಕುರ್ಚಿಗೆ ಒರಗಿಸಿ ತಟ್ಟೆ ಇಡ್ಲಿ ತಿಂದೆ. ಮೇಜಿಗೆ ಬೇರೆ ಯಾರೂ ಬರಲಿಲ್ಲ. ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿ ಶೆಟ್ಟಿಕೆರೆಯಲ್ಲಿ ಇಳಿದೆ.

"ಏನ್ರೀ, ಬಾಗ್ಲು ಹೊತ್ಕಂಡ್ ಬಂದಿದೀರ, ಮನೆ ಎಲ್ ಬುಟ್ರಿ?" ಜಗಲಿಯಲ್ಲಿ ಕೊಬ್ಬರಿ ಚೀಲದ ಬಾಯಿ ಹೊಲಿಯುತ್ತಿದ್ದ ಗಂಗಮ್ಮ ಕೇಳಿದರು. ತೋಟ ಅವರದೇ, ಅಂಗಳದ ಹಳೆಯ ವ್ಯಾನೂ ಅವರದೇ. ಚೀಲವನ್ನು ಹೊರದೆ ನೇರ ಒಳಕ್ಕೆ ಉರುಳಿಸಲೆಂದು ವ್ಯಾನಿನ ಹಿಂಭಾಗವನ್ನು ಜಗಲಿಗೆ ಒತ್ತಿ ನಿಲ್ಲಿಸಿದ್ದರು. ಹಿಂಬಾಗಿಲೇ ಇರಲಿಲ್ಲ. ಎಲ್ಲಿ ಎಂದು ಕೇಳಿದೆ.

"ಕೋಳಿಗೂಡಿನ್ ಮ್ಯಾಲೈತೆ ನೋಡಿ. ಚೆನ್ನಾಗ್ ಮುಚ್ತದೆ."

ನನ್ನದು ಮೇಲಕ್ಕೆ ತೆರೆಯುವ ಬಾಗಿಲು; ಅದನ್ನು ವ್ಯಾನಿನ ಹಿಂಬದಿಗೆ ಹಿಡಿದು ಎತ್ತಿದೆ. ಅರ್ಧ ಏರುವಷ್ಟರಲ್ಲಿ ಜಗಲಿಯ ತಗ್ಗು ಸೂರಿಗೆ ಬಡಿದು ರಟ್ಟು ಮುರಿಯಿತು.

"ಇದುನ್ ಮಾಡ್ದೋನು ಯಾವತ್ತಾದ್ರೂ ಮೂಟೆ ತುಂಬವ್ನೇನ್ರೀ?"

"ಮಾಡಿದ್ದು ನಾನೇ ಕಣಮ್ಮ."

ಅವರು ನಕ್ಕುಬಿಟ್ಟರು. "ಬೀರು ಬಾಗ್ಲು ಹಂಗೆ ಪಕ್ಕುಕ್ ತೆಗೆಯೋದ್ ಮಾಡಿ. ಮೊದ್ಲೇ ತೆಗ್ದು ಗಾಡಿ ಮೈಗೆ ಒರಗ್ಸಿ, ಆಮೇಲ್ ಹಿಂದುಕ್ ಬತ್ತೀನಿ. ಅಷ್ಟೇಯ."

ಮುದ್ದೆ, ಹುರುಳಿಕಾಳು ಸಾರು ಬಡಿಸಿಟ್ಟು ಅವರು ಮೂಟೆ ಹೇರಿಕೊಂಡು ಮಾರುಕಟ್ಟೆಗೆ ಹೊರಟರು. ಖಾಲಿ ಜಗಲಿಯಲ್ಲಿ ಒಬ್ಬನೇ ಉಂಡು, ಕಂಪನಿಯ ಮುಖ್ಯ ವಿನ್ಯಾಸಕರಿಗೆ ಫೋನು ಮಾಡಿ, ಬಾಗಿಲು ಪಕ್ಕಕ್ಕೆ ತೆರೆಯಬೇಕು ಎಂದೆ.

"ಕುಕ್ಕರ್ ಸಾಹೇಬ್ರೇ, ಇವತ್ತು ಕೀಲು ಬದಲಾಯಿಸೋದಾ? ಪಕ್ಕದ ಕೀಲು ಅಂದ್ರೆ ಎಷ್ಟು ಖರ್ಚು ಗೊತ್ತಾ? ನೀವು ಕಾರಿನವರಲ್ಲ ಅನ್ನೋದು ಇದಕ್ಕೇ."

ಹಿಂಬದಿಯ ಉದ್ದಕ್ಕೂ ಓಡುವ ದೀಪದ ಪಟ್ಟಿಯೂ ನಾನೇ ಬರೆದದ್ದು. ನನ್ನ ಕೆಲಸದಲ್ಲಿ ಅವರೆಲ್ಲ ಮೆಚ್ಚಿದ್ದು ಅದೊಂದನ್ನೇ. "ಆ ದೀಪ ತೆಗೆದುಹಾಕಿ. ಉಳಿದ ದುಡ್ಡು ಕೀಲಿಗೆ ಹಾಕಿ," ಎಂದೆ.

"ದೀಪ ಹೋದ್ರೆ ನಿಮ್ಮದು ಅಂತ ಕಾಣೋದು ಏನೂ ಇರಲ್ಲ."

"ಇರದಿದ್ರೆ ಬೇಡ."

"ಸರಿ, ಹಾಗೇ ಮಾಡೋಣ."

ಸಂಜೆಯ ಬಸ್ಸಿನಲ್ಲಿ ಕಿಟಕಿಯಾಚೆ ತೋಟಗಳು ಮುಗಿಯುವವರೆಗೂ ಫೋನು ಕೈಯಲ್ಲೇ ಇತ್ತು. ಗೆದ್ದ ಸುದ್ದಿ ಹೇಳಲು ಒಂದು ಹೆಸರೂ ಹೊಳೆಯಲಿಲ್ಲ.

ಹೊರಗಿನವರು ಕಾರಿನ ಕೆಲಸದಲ್ಲಿ ಗೆಲ್ಲಬಹುದೇ ಎಂದು ಕೇಳುವವರಿಗೆ ನನ್ನ ಮಾತು: ಗೆಲ್ಲಬಹುದು. ತೋರಿಸಲು ಫೋಟೋ ಒಯ್ಯಬೇಡಿ, ಮುರಿಯುವಂಥದ್ದೇನಾದರೂ ಒಯ್ಯಿರಿ. ಚೌಕಾಸಿಗೆ ಕೂತಾಗ ಮೊದಲು ನಿಮಗೆ ಇಷ್ಟವಾದದ್ದನ್ನೇ ಬಿಟ್ಟುಕೊಡಿ, ಎದುರಿನವರು ನಿಮ್ಮ ಮಾತನ್ನು ಬೇಗ ನಂಬುತ್ತಾರೆ. ಹಾಗೇ, ಇನ್ನೊಂದು ಟಿಕೆಟ್ಟಿನ ದುಡ್ಡು ಉಳಿಸಲು ಹೋಗಬೇಡಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.