ಸೆನ್ಸರ್ ಕಂಬಕ್ಕೆ ಕಟ್ಟಿದ ಜೋಲಿ

ದಿನಾ ಬೆಳಿಗ್ಗೆ ನನ್ನ ಮೊಬೈಲ್ ಸುಳ್ಳು ಹೇಳುತ್ತಿತ್ತು.

ದಹಿಸರ್‌ನ ನಮ್ಮ ಬಿಲ್ಡಿಂಗ್ ಎದುರು ದೊಡ್ಡ ಟವರ್ ಏಳುತ್ತಿದೆ. ಸೈಟಿನಲ್ಲಿ ಗಾಳಿಯ ಧೂಳು ಅಳೆಯುವ ಸೆನ್ಸರ್ ಇಟ್ಟಿದ್ದಾರೆ. ಅದರ ಅಳತೆ ನೇರವಾಗಿ ಆ್ಯಪ್‌ಗೆ ಬರುತ್ತದೆ. ಹಸಿರು ಅಂದರೆ ಒಳ್ಳೆಯ ಗಾಳಿ, ಕೆಂಪು ಅಂದರೆ ಕೆಲಸ ನಿಲ್ಲಿಸಬೇಕು. ಆ್ಯಪ್ ಸದಾ ಹಸಿರು! ನನ್ನ ಕಿಟಕಿ ಗಾಜಿನ ಮೇಲೆ ಮಾತ್ರ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. (ಬರೆದೂ ನೋಡಿದೆ. ಸ್ಪಷ್ಟವಾಗಿ ಮೂಡಿತು.)

ಕಳೆದ ವಾರ ತಾಳ್ಮೆ ಕೆಟ್ಟಿತು. ನೋಡಿಯೇ ಬಿಡೋಣ ಅಂತ ರಸ್ತೆ ದಾಟಿದೆ.

ಗೇಟಿನ ಪಕ್ಕ ಒಂದು ಕಂಬ, ಅದರ ತುದಿಯಲ್ಲಿ ಟಿಫಿನ್ ಡಬ್ಬಿಯಷ್ಟು ಸೆನ್ಸರ್. ಸುತ್ತಲಿನ ನೆಲಕ್ಕೆ ಪೈಪಿನಿಂದ ಸಣ್ಣಗೆ ನೀರು ಚಿಮ್ಮುತ್ತಿತ್ತು. ಅತ್ತ ಸಿಮೆಂಟ್ ಕಲಸುವ ಕಡೆ ಆಳೆತ್ತರದ ಧೂಳು, ಇತ್ತ ಮಡಿಕೇರಿ! ಕಂಬಕ್ಕೂ ಬೇಲಿಗೂ ಸೀರೆ ಬಿಗಿದು ಜೋಲಿ ಕಟ್ಟಿತ್ತು. ಒಳಗೆ ಒಂದು ಕೂಸು. ಪಕ್ಕದಲ್ಲಿ ರೊಟ್ಟಿ ಗಂಟು ಬಿಚ್ಚುತ್ತಿದ್ದ ತಾಯಿಯ ಹೆಸರು ಶಾಂತವ್ವ, ಇಂಡಿ ಕಡೆಯವಳು.

"ಮಗೂನ ಇಲ್ಯಾಕೆ ಮಲಗಿಸಿದ್ದೀಯಾ?" ಎಂದೆ.

"ಇಲ್ಲೇ ಚಲೋ ರೀ ಅಕ್ಕಾರ. ಆ ಮಷಿನ್ ಭಾಳ ನಾಜೂಕ ಐತಂತ, ಧೂಳ ತಡ್ಯಂಗಿಲ್ಲಂತ. ಅದಕ್ಕ ಸಾಹೇಬ್ರು ದಿನಪೂರ್ತಿ ನೀರ ಹೊಡಸ್ತಾರ. ಅಲ್ಲಿ ಸಿಮೆಂಟ್ ಕಡೆ ಮಲಗಿಸಿದಾಗ ನನ್ನ ಮಗಳು ಒಂದ ಸವನ ಕೆಮ್ಮತಿದ್ಲು. ಇಲ್ಲಿಗೆ ತಂದ ಮ್ಯಾಲ ಕೆಮ್ಮ ಬಿಟ್ಟಾಳ ನೋಡ್ರಿ."

ಮೊದಲು ನಗು ಬಂತು, ಆಮೇಲೆ ಸಿಟ್ಟು. ಕಳ್ಳ ಸಿಕ್ಕಿಬಿದ್ದ! ಫೋಟೋ ತೆಗೆದೆ. ಕಂಪ್ಲೇಂಟ್ ಹಾಕಲು ಹೋದ ಬೆರಳು ಅಲ್ಲೇ ನಿಂತಿತು. ಕಂಪ್ಲೇಂಟ್ ಹೋದರೆ ಈ ನೀರು ಬಂದ್. ದಹಿಸರ್‌ಗೆಲ್ಲ ನ್ಯಾಯ ಸಿಗುವ ಹೊತ್ತಿಗೆ ಈ ಕೂಸಿನ ಕೆಮ್ಮು ವಾಪಸ್. ಏನು ಮಾಡಲಿ ಹೇಳಿ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅಷ್ಟರಲ್ಲಿ ಸೈಟ್ ಇಂಜಿನಿಯರ್ ಬಂದ. "ಕ್ಯಾ ಹುವಾ ಆಂಟಿ?"

(ಆಂಟಿ! ಅದಕ್ಕೆ ಬೇರೆಯೇ ಅಂಕಣ ಬರೆಯಬೇಕು.)

ನನ್ನ ಉಡುಪಿ ಹಿಂದಿಯಲ್ಲಿ, ನಗುನಗುತ್ತಲೇ ಹೇಳಿದ್ದರ ಸಾರ ಇಷ್ಟು: ನಿಮ್ಮ ನೀರಿನ ವ್ಯವಸ್ಥೆ ಬಹುತ್ ಅಚ್ಛಾ. ಅದು ಇಲ್ಲೇ ಇರಲಿ. ಸೆನ್ಸರ್ ಮಾತ್ರ ಸಿಮೆಂಟ್ ಕಲಸುವ ಕಡೆ ಹೋಗಲಿ. ಇಲ್ಲಾಂದ್ರೆ ಈ ಫೋಟೋ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತದೆ. ಅವನ ಮುಖ ಆ್ಯಪ್ ಎಂದೂ ತೋರಿಸದ ಬಣ್ಣಕ್ಕೆ ತಿರುಗಿತು.

ಮೂರನೇ ದಿನ ಸೆನ್ಸರ್ ಅತ್ತ ಹೋಯಿತು. ಹೋದ ಒಂದು ಗಂಟೆಯಲ್ಲೇ ಆ್ಯಪ್ ಕೆಂಪು! ಸಂಜೆಯೊಳಗೆ ಅಲ್ಲೂ ಪೈಪ್ ಬಂತು, ಧೂಳು ತಡೆಯುವ ಪರದೆ ಬಂತು. ಇತ್ತ ಜೋಲಿಯ ಕಡೆಯ ನೀರೂ ನಿಲ್ಲಲಿಲ್ಲ. ನನಗೋ ಚುನಾವಣೆ ಗೆದ್ದಷ್ಟು ಖುಷಿ.

ನಿನ್ನೆ ಶಾಂತವ್ವ ಗೇಟಿನಿಂದಲೇ ಕೂಗಿದಳು. "ಅಕ್ಕಾರ, ಹತ್ತನೇ ಮಾಳಿಗ್ಯಾಗೂ ಒಂದ್ ಮಷಿನ್ ಇಡಸ್ರಿ, ಅಲ್ಲೂ ನೀರ ಹೊಡಸ್ತಾರ! ಅಲ್ಲಿ ಟೈಲ್ಸ್ ಕೊಯ್ಯೋ ಧೂಳಿಗೆ ನಮ್ಮ ಮನಿಯವ್ರು ಭಾಳ ಕೆಮ್ಮಾಕತ್ಯಾರ."

ಗಂಡನ ಕೆಮ್ಮು ನಿಲ್ಲಬೇಕಾದರೆ ಅವನ ಪಕ್ಕದಲ್ಲೊಂದು ಮಷಿನ್ ಇರಬೇಕು ಅಂತ ಅವಳಿಗೆ ಕಲಿಸಿದವರು ಯಾರು?