ಹತ್ತು ಸೀರೆಯ ಗಂಟು

ತೊಂಬತ್ತರ ದಶಕದಲ್ಲಿ, ಊರೂರಲ್ಲೂ ಮಳಿಗೆಗಳಿದ್ದ ಬಟ್ಟೆ ಕಂಪನಿಯೊಂದು ಚಿಕ್ಕೋಡಿಯ ನಮ್ಮ ಪೇಟೆಯಲ್ಲೂ ಅಂಗಡಿ ತೆರೆಯಲು ಪರವಾನಗಿ ಕೇಳಿತು. ನಮ್ಮ ಸೀರೆ ಅಂಗಡಿಯ ಕಥೆ ಮುಗಿಯಿತೆಂದುಕೊಂಡೆ.

ಪುರಸಭೆಯಲ್ಲಿ ಸದಸ್ಯೆಯೊಬ್ಬರು ಕಂಪನಿಯವನನ್ನು ಕೇಳಿದರು: “ನಮ್ಮತ್ತಿ ಹಾಸಿಗಿ ಹಿಡದಾರ್ರಿ. ಹತ್ತ್ ಸೀರಿ ಮನಿಗೆ ಒಯ್ದು ತೋರಿಸಿ, ಬ್ಯಾಡಾದ್ದು ತಿರುಗಿ ಕೊಟ್ರ ತಗೋತೀರೇನ್ರಿ?”

“ಅದಕ್ಕ ಕಂಪನಿ ಒಪ್ಪಂಗಿಲ್ರಿ.”

“ಇಲ್ಲಿ ಅಂಗಡಿಯವರು ಒಪ್ತಾರ್ರಿ. ನಿಮ್ಮ ಅಂಗಡಿ ಪ್ಯಾಟಿ ಬಿಟ್ಟು ಹೊರಗ ಹಾಕ್ಕೋರಿ.”

ಸಭೆ ಹಾಗೇ ಠರಾವು ಮಾಡಿತು. ನನಗೆ ಹೋದ ಜೀವ ಬಂತು.

ಮರುದಿನ ಅದೇ ಸದಸ್ಯೆ ನಮ್ಮಲ್ಲಿಂದ ಹತ್ತು ಸೀರೆ ಒಯ್ದು, ಸಂಜೆ ಹತ್ತನ್ನೂ ಮುದುಡಿಸಿ ವಾಪಸ್ ತಂದರು. ಅತ್ತೆಗೆ ಒಂದೂ ಹಿಡಿಸಲಿಲ್ಲವಂತೆ. ಈ ಹಾಳು ಪದ್ಧತಿ ಬಿಡಿ ಎಂದು ಅಪ್ಪನೊಡನೆ ವರ್ಷಗಟ್ಟಲೆ ಜಗಳವಾಡಿದ್ದವನು ನಾನೇ. ಆ ಸಂಜೆ ಹತ್ತನ್ನೂ ಮಡಿಚಿಟ್ಟವನೂ ನಾನೇ.